ಸೋತ ಪೇಟೆಂಟ್ ತೋರಿಸಿದ ದಾರಿ: ಒರಾಕಲ್–ಗೂಗಲ್ ಪ್ರಕರಣ

ಗೂಗಲ್ ತನ್ನ ಆಂಡ್ರಾಯ್ಡ್ ಫೋನ್ ಸಾಫ್ಟ್‌ವೇರಿನಲ್ಲಿ ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಕೋಡ್ ನಕಲು ಮಾಡಿದೆ ಅಂತ ಸಾಫ್ಟ್‌ವೇರ್ ಕಂಪನಿ ಒರಾಕಲ್ ಅಮೆರಿಕದಲ್ಲಿ ಕೇಸು ಹಾಕಿತ್ತು. ಆರೋಪ ಎರಡು: ಪೇಟೆಂಟ್, ಅಂದರೆ ಆವಿಷ್ಕಾರದ ಮೇಲಿನ ಹಕ್ಕು, ಮತ್ತು ಕಾಪಿರೈಟ್, ಅಂದರೆ ಬರೆದದ್ದರ ಮೇಲಿನ ಹಕ್ಕು. ಪೇಟೆಂಟ್ ಆರೋಪ 2012ರ ಮೇ ತಿಂಗಳಲ್ಲೇ ಬಿದ್ದುಹೋಯಿತು. ಗೂಗಲ್ ಯಾವ ಪೇಟೆಂಟನ್ನೂ ಉಲ್ಲಂಘಿಸಿಲ್ಲ ಅಂತ ಜ್ಯೂರಿ, ಅಂದರೆ ಸಾಮಾನ್ಯ ಜನರಿಂದ ಆರಿಸಿದ ತೀರ್ಪುಗಾರರ ತಂಡ, ಹೇಳಿತು. ಒರಾಕಲ್ ಅದರ ಮೇಲೆ ಅಪೀಲು ಕೂಡ ಹೋಗಲಿಲ್ಲ. ಆದರೂ ಮುಂದಿನ ಒಂಬತ್ತು ವರ್ಷ ಈ ಕೇಸು ಯಾವ ಕೋರ್ಟಿನ ಮೆಟ್ಟಿಲು ಹತ್ತಬೇಕು ಅನ್ನುವುದನ್ನು ತೀರ್ಮಾನಿಸಿದ್ದು ಅದೇ ಸೋತ ಪೇಟೆಂಟ್‌ಗಳು. ಈ ಜಗಳದ ಬಗ್ಗೆ ಬರೆದವರೆಲ್ಲ ಕಾಪಿರೈಟ್ ಬಗ್ಗೆಯೇ ಬರೆದಿದ್ದಾರೆ. ತಪ್ಪಿಲ್ಲ, ತಿರುಳು ಅದೇ. ಆದರೆ ತೀರ್ಪುಗಳು ಯಾಕೆ ಹೀಗೆ ಅತ್ತಿಂದಿತ್ತ ಓಲಾಡಿದವು ಅಂತ ತಿಳಿಯಬೇಕಾದರೆ ಕೇಸು ಸಾಗಿದ ದಾರಿಯನ್ನೂ ನೋಡಬೇಕು.

ಜಗಳ ಯಾವುದಕ್ಕೆ?

ಜಾವಾ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಕೂಸು. 1995ರಲ್ಲಿ ಹೊರಬಂತು. ಒಮ್ಮೆ ಬರೆದ ಪ್ರೋಗ್ರಾಂ ಯಾವ ಕಂಪ್ಯೂಟರಿನಲ್ಲಾದರೂ ಓಡಬೇಕು ಅನ್ನುವುದು ಅದರ ಹೆಗ್ಗಳಿಕೆ. ಭಾಷೆಯನ್ನು ಯಾರು ಬೇಕಾದರೂ ಕಲಿತು ಬಳಸಬಹುದಿತ್ತು. ಆದರೆ ಜಾವಾ ಓಡುವ ಸ್ವಂತ ಪ್ಲಾಟ್‌ಫಾರ್ಮ್ ಕಟ್ಟಿ ಮಾರುವ ಕಂಪನಿಗಳು ಸನ್‌ನಿಂದ ಲೈಸೆನ್ಸ್ ಪಡೆಯಬೇಕಿತ್ತು, ಹೊಂದಾಣಿಕೆ ಪರೀಕ್ಷೆಯಲ್ಲಿ ಪಾಸಾಗಬೇಕಿತ್ತು.

ಗೂಗಲ್ 2005ರಲ್ಲಿ ಆಂಡ್ರಾಯ್ಡ್ ಅನ್ನುವ ಸಣ್ಣ ಕಂಪನಿಯನ್ನು ಕೊಂಡಿತು. ಜಾವಾ ಬಲ್ಲ ಪ್ರೋಗ್ರಾಮರ್‌ಗಳು ಆಗಲೇ ಲಕ್ಷಗಟ್ಟಲೆ ಇದ್ದರು. ಅವರು ಹೊಸದಾಗಿ ಏನನ್ನೂ ಕಲಿಯದೆ ಫೋನಿಗೆ ಆ್ಯಪ್ ಬರೆಯುವಂತಾಗಬೇಕು ಅಂತ ಗೂಗಲ್ ಆಸೆಪಟ್ಟಿತು. ಸನ್ ಜೊತೆ ಮಾತುಕತೆ ನಡೆಯಿತು, ಮುರಿದುಬಿತ್ತು. ಆಂಡ್ರಾಯ್ಡನ್ನು ಎಲ್ಲರೂ ಬೇಕಾದಂತೆ ಬದಲಿಸಿಕೊಳ್ಳಲಿ ಅನ್ನುವುದು ಗೂಗಲ್‌ನ ಲೆಕ್ಕ. ಹಾಗೆ ಬದಲಿಸಿದರೆ ಒಂದು ಕಡೆ ಬರೆದದ್ದು ಇನ್ನೊಂದು ಕಡೆ ಓಡುವುದಿಲ್ಲ ಅನ್ನುವುದು ಸನ್‌ನ ಚಿಂತೆ.

ಗೂಗಲ್ ತಾನೇ ಕಟ್ಟಲು ಕೂತಿತು. ಸುಮಾರು 100 ಎಂಜಿನಿಯರ್‌ಗಳು, ಮೂರು ವರ್ಷಕ್ಕೂ ಜಾಸ್ತಿ ಕೆಲಸ. ಇಲ್ಲಿ ಒಂದು ಸೂಕ್ಷ್ಮ ಇದೆ, ಇಡೀ ಕೇಸು ಇದರ ಮೇಲೇ ನಿಂತಿದೆ.

ಎರಡು ಅಂಕಿಗಳಲ್ಲಿ ದೊಡ್ಡದು ಯಾವುದು ಅಂತ ಕೇಳಲು ಜಾವಾ ಪ್ರೋಗ್ರಾಮರ್ ‘ಮ್ಯಾಥ್.ಮ್ಯಾಕ್ಸ್(4, 6)’ ಅಂತ ಬರೆಯುತ್ತಾನೆ. ಉತ್ತರ 6. ಇದರ ಹಿಂದೆ ಎರಡು ಬಗೆಯ ಕೋಡ್ ಇರುತ್ತದೆ. ‘ಮ್ಯಾಕ್ಸ್’ ಅನ್ನುವ ಕೆಲಸವೊಂದಿದೆ, ಅದು ‘ಮ್ಯಾಥ್’ ಅನ್ನುವ ಗುಂಪಿಗೆ ಸೇರಿದೆ, ಅದಕ್ಕೆ ಎರಡು ಅಂಕಿ ಕೊಡಬೇಕು, ಅದು ಒಂದು ಅಂಕಿ ವಾಪಸ್ ಕೊಡುತ್ತದೆ: ಇಷ್ಟನ್ನು ಹೇಳುವ ಸಾಲು ಒಂದು. ಇದಕ್ಕೆ ಘೋಷಣೆಯ ಕೋಡ್ ಅನ್ನೋಣ. ನಿಜವಾಗಿ ಹೋಲಿಸಿ ನೋಡಿ ಉತ್ತರ ಹುಡುಕುವ ಸಾಲುಗಳು ಇನ್ನೊಂದು. ಅದು ಕೆಲಸದ ಕೋಡ್. ಗೂಗಲ್ ಕೆಲಸದ ಕೋಡನ್ನು ತನ್ನ ಕೈಯಾರೆ ಬರೆಯಿತು. ಆದರೆ ಜಾವಾ ಎಪಿಐನ, ಅಂದರೆ ಪ್ರೋಗ್ರಾಮರ್‌ಗಳು ಹೆಸರಿಟ್ಟು ಕರೆದು ಬಳಸುವ ಇಂಥ ಸಿದ್ಧ ಕೆಲಸಗಳ ಸಂಗ್ರಹದ, 37 ಪ್ಯಾಕೇಜ್‌ಗಳ ಘೋಷಣೆಯ ಸಾಲುಗಳನ್ನು ಇದ್ದದ್ದು ಇದ್ದಂತೆ ತೆಗೆದುಕೊಂಡಿತು. ಹೆಸರು ಬದಲಿಸಿದ್ದರೆ ಪ್ರೋಗ್ರಾಮರ್‌ಗೆ ಗೊತ್ತಿದ್ದ ‘ಮ್ಯಾಥ್.ಮ್ಯಾಕ್ಸ್’ ಕೆಲಸಕ್ಕೆ ಬರುತ್ತಿರಲಿಲ್ಲ, ಅಲ್ವಾ? ಲೆಕ್ಕ ಹಾಕಿದರೆ ನಕಲಾದದ್ದು ಸುಮಾರು 11,500 ಸಾಲು. ಜಾವಾ ಎಪಿಐನ ಒಟ್ಟು 28.6 ಲಕ್ಷ ಸಾಲುಗಳಲ್ಲಿ ಇದು 0.4 ಪರ್ಸೆಂಟ್.

2007ರ ನವೆಂಬರಿನಲ್ಲಿ ಆಂಡ್ರಾಯ್ಡ್ ಘೋಷಣೆಯಾದಾಗ ಸನ್‌ನ ಮುಖ್ಯಸ್ಥ ಜೊನಾಥನ್ ಶ್ವಾರ್ಟ್ಜ್ ಬಹಿರಂಗವಾಗಿಯೇ ಅಭಿನಂದಿಸಿ ಬರೆದರು. ಮುಂದೆ ಕಟಕಟೆ ಹತ್ತಿದಾಗಲೂ ಅವರ ಸಾಕ್ಷಿ ಗೂಗಲ್‌ಗೆ ಅನುಕೂಲವಾಗಿಯೇ ಇತ್ತು. ಅವರಿಗಿಂತ ಮೊದಲು ಸನ್ ನಡೆಸಿದ ಸ್ಕಾಟ್ ಮೆಕ್‌ನೀಲಿ ಒರಾಕಲ್ ಪರವಾಗಿ ಸಾಕ್ಷಿ ಹೇಳಿದರು. ಒಂದೇ ಕಂಪನಿಯ ಇಬ್ಬರು ಮಾಜಿ ಯಜಮಾನರು, ಒಬ್ಬೊಬ್ಬರು ಒಂದೊಂದು ಕಡೆ. ಸನ್‌ಗೆ ಆಗ ನಿಜವಾಗಿ ಏನನಿಸಿತ್ತು ಅಂತ ಜ್ಯೂರಿ ಹೇಗೆ ತಿಳಿಯಬೇಕು!

2010ರ ಜನವರಿಯಲ್ಲಿ ಒರಾಕಲ್ ಸುಮಾರು 740 ಕೋಟಿ ಡಾಲರ್‌ಗೆ ಸನ್ ಕೊಂಡಿತು. ಆಗಸ್ಟಿನಲ್ಲಿ ಗೂಗಲ್ ಮೇಲೆ ಕೇಸು ಹಾಕಿತು. ದೂರಿನಲ್ಲಿ ಏಳು ಪೇಟೆಂಟ್ ಇದ್ದವು, ಜೊತೆಗೆ ಕಾಪಿರೈಟ್.

ತಾನಾಗಿ ಸೇವ್ ಆದ ಇಮೇಲ್

ಕೇಸು ಹಾಕುವ ಕೆಲವೇ ದಿನ ಮೊದಲು ಗೂಗಲ್‌ನ ಎಂಜಿನಿಯರ್ ಒಬ್ಬರು ಒಂದು ಇಮೇಲ್ ಬರೆದರು. ಜಾವಾಗೆ ಬದಲಿ ಏನಿದೆ ಅಂತ ಮೇಲಿನವರು ನೋಡಲು ಹೇಳಿದ್ದರು, ನೋಡಿದೆವು, ಒಂದೂ ಸರಿ ಇಲ್ಲ, ಹಾಗಾಗಿ ಜಾವಾಗೆ ಲೈಸೆನ್ಸ್ ಮಾತಾಡಿಕೊಳ್ಳಬೇಕು ಅನ್ನುವುದು ಅದರ ಸಾರ. ಒರಾಕಲ್ ವಕೀಲರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಇದು ವಕೀಲರಿಗೆ ಬರೆದ ಗುಟ್ಟಿನ ಪತ್ರ, ತೋರಿಸಬೇಕಿಲ್ಲ ಅಂತ ಗೂಗಲ್ ವಾದಿಸಿತು. ಕಳಿಸಿದ ಪ್ರತಿಯ ಮೇಲೆ ಹಾಗೆಂದು ಬರೆದೂ ಇತ್ತು. ಎಡವಟ್ಟಾದದ್ದು ಡ್ರಾಫ್ಟ್‌ಗಳಲ್ಲಿ. ಟೈಪ್ ಮಾಡುತ್ತಿದ್ದ ಹಾಗೇ ಇಮೇಲ್ ತಾನಾಗಿ ಸೇವ್ ಆಗುತ್ತಾ ಹೋಗಿತ್ತು. ಆ ಅರ್ಧಂಬರ್ಧ ಪ್ರತಿಗಳಲ್ಲಿ ಯಾರಿಗೆ ಅನ್ನುವ ಹೆಸರೂ ಇರಲಿಲ್ಲ, ಗುಟ್ಟಿನದು ಅನ್ನುವ ತಲೆಬರಹವೂ ಇರಲಿಲ್ಲ. ಕೇಸಿಗಾಗಿ ಎದುರಾಳಿಗೆ ಕೊಡಬೇಕಾದ ದಾಖಲೆ ಜಾಲಾಡಿಸಿದಾಗ ಅವು ಜರಡಿಯಿಂದ ಜಾರಿ ಒರಾಕಲ್ ಕೈಸೇರಿದವು. ವಾಪಸ್ ಪಡೆಯಲು ಗೂಗಲ್ ಮೇಲಿನ ಕೋರ್ಟಿಗೂ ಹೋಯಿತು. ಆಗಲಿಲ್ಲ.

ಕೊನೆಗೆ ನೋಡಿದರೆ ಇಷ್ಟು ಗದ್ದಲ ಮಾಡಿದ ಇಮೇಲ್ ಗೂಗಲ್‌ನ ಮುಖ ಕೆಡಿಸಿತೇ ಹೊರತು ಕಾನೂನಿನ ಪ್ರಶ್ನೆಯನ್ನು ಅಲುಗಾಡಿಸಲಿಲ್ಲ. ಲೈಸೆನ್ಸ್ ಕೇಳಿದ ಮಾತ್ರಕ್ಕೆ ಲೈಸೆನ್ಸ್ ಬೇಕೇ ಬೇಕಿತ್ತು ಅಂತ ಆಗುವುದಿಲ್ಲ. ಜಗಳ ತಪ್ಪಿಸಲು ಅಂತಲೂ ಜನ ಲೈಸೆನ್ಸ್ ಕೇಳುತ್ತಾರೆ.

ಒಂಬತ್ತು ಸಾಲು ಮತ್ತು ಕೋಡ್ ಬರೆಯುವ ಜಡ್ಜ್

ಮೊದಲ ವಿಚಾರಣೆ 2012ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾಯಿತು. ಜಡ್ಜ್ ವಿಲಿಯಂ ಆಲ್ಸಪ್. ಓದಿದ್ದು ಗಣಿತ, ಹವ್ಯಾಸಕ್ಕೆ ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದವರು. ಇದು ಸಣ್ಣ ಸಂಗತಿ ಅಲ್ಲ.

ಎಪಿಐ ಸಾಲುಗಳ ಜೊತೆಗೆ ಒರಾಕಲ್ ‘ರೇಂಜ್‌ಚೆಕ್’ ಅನ್ನುವ ಒಂಬತ್ತು ಸಾಲಿನ ತುಣುಕನ್ನೂ ಎತ್ತಿ ತೋರಿಸಿತು. ಅದು ಮಾಡುವ ಕೆಲಸ ಇಷ್ಟೇ. ಪಟ್ಟಿಯಲ್ಲಿ ಇಲ್ಲಿಂದ ಇಲ್ಲಿಯವರೆಗೆ ಬೇಕು ಅಂತ ಯಾರಾದರೂ ಕೇಳಿದರೆ ಅದು ಮೂರು ವಿಷಯ ನೋಡುತ್ತದೆ. ಶುರುವಿನ ಜಾಗ ಕೊನೆಯ ಜಾಗವನ್ನು ದಾಟಿದೆಯಾ? ಶುರು ಸೊನ್ನೆಗಿಂತ ಕೆಳಗಿದೆಯಾ? ಕೊನೆ ಪಟ್ಟಿಯ ಉದ್ದವನ್ನು ಮೀರಿದೆಯಾ? ಮೂರರಲ್ಲಿ ಯಾವುದಕ್ಕೆ ಹೌದು ಅಂತ ಬಂದರೂ ಎರರ್ ಎಸೆಯುತ್ತದೆ. ಕೋಡಿಂಗ್ ಕಲಿಯುವ ಹುಡುಗರು ಮೊದಲ ವರ್ಷ ಬರೆಯುವಂಥದ್ದು.

ಇದು ಆಂಡ್ರಾಯ್ಡ್ ಒಳಗೆ ಬಂದ ದಾರಿಯೂ ಸುಮಾರಾಗಿ ಮಾಮೂಲಿ. ಸನ್‌ನಲ್ಲಿ ಇದನ್ನು ಬರೆದ ಎಂಜಿನಿಯರೇ ಮುಂದೆ ಗೂಗಲ್ ಸೇರಿದ್ದರು. ವಿಂಗಡಣೆಯ ಪ್ರೋಗ್ರಾಂ ಒಂದನ್ನು ಬರೆಯುವಾಗ ತಮ್ಮದೇ ಹಳೆಯ ತುಣುಕನ್ನು ಅದರಲ್ಲಿ ಬಳಸಿದ್ದರು. ಆ ಪ್ರೋಗ್ರಾಮನ್ನು ಅವರು ಜಾವಾಗೇ ಕಾಣಿಕೆಯಾಗಿ ಕೊಡಲು ಬರೆದಿದ್ದರು. ಅದು ಆಂಡ್ರಾಯ್ಡ್‌ಗೂ ಬಂತು. ನಾನು ಬರೆದದ್ದು, ಆದರೆ ನನ್ನದಲ್ಲ: ಸಂಬಳಕ್ಕೆ ಕೋಡ್ ಬರೆಯುವ ಎಲ್ಲರ ಪಾಡೂ ಇದೇ.

ಒರಾಕಲ್ ವಕೀಲರು ಇದರಿಂದ ಗೂಗಲ್‌ಗೆ ಬೇಗ ಮಾರುಕಟ್ಟೆ ಸೇರಲು ಅನುಕೂಲವಾಯಿತು ಅನ್ನುವ ಧಾಟಿಯಲ್ಲಿ ವಾದಿಸಿದಾಗ ಆಲ್ಸಪ್ ಸುಮ್ಮನಿರಲಿಲ್ಲ. ಇಂಥ ತುಣುಕನ್ನು ನಾನೇ ನೂರು ಸಲ ಬರೆದಿದ್ದೇನೆ, ನೀವೂ ಬರೆಯಬಹುದು ಅಂದುಬಿಟ್ಟರು. ಜ್ಯೂರಿ ರೇಂಜ್‌ಚೆಕ್ ವಿಷಯದಲ್ಲಿ ಗೂಗಲ್ ತಪ್ಪು ಮಾಡಿದೆ ಅಂತಲೇ ಹೇಳಿತು. ಅದಕ್ಕೆ ಪರಿಹಾರ ಎಷ್ಟು ಅಂತ ಎರಡೂ ಕಡೆಯವರು ಕೊನೆಗೆ ಒಪ್ಪಿಕೊಂಡ ಮೊತ್ತ ಸೊನ್ನೆ ಡಾಲರ್. ಸುಮ್ನೆ ಅದರ ಹಿಂದೆ ಬೀಳುವುದಕ್ಕಿಂತ ದೊಡ್ಡ ಪ್ರಶ್ನೆಯನ್ನು ಹಿಡಿದು ಅಪೀಲಿಗೆ ಹೋಗುವುದು ಒರಾಕಲ್‌ಗೆ ಮುಖ್ಯವಾಗಿತ್ತು.

ಆ ದೊಡ್ಡ ಪ್ರಶ್ನೆಯಲ್ಲಿ ಆಲ್ಸಪ್ ಒಂದು ಜಾಣತನ ಮಾಡಿದ್ದರು. ಎಪಿಐಗೆ ಕಾಪಿರೈಟ್ ಇದೆ ಅಂತ ಇಟ್ಟುಕೊಂಡು ಉತ್ತರ ಕೊಡಿ ಅಂತ ಜ್ಯೂರಿಗೆ ಹೇಳಿದರು. ಇದೆಯೋ ಇಲ್ಲವೋ ಅನ್ನುವುದನ್ನು ತಮಗೇ ಇಟ್ಟುಕೊಂಡರು. ಗೂಗಲ್ ನಕಲು ಮಾಡಿದೆ ಅಂತ ಜ್ಯೂರಿ ಹೇಳಿತು. ಆದರೆ ಅದು ಅನುಮತಿ ಇಲ್ಲದಿದ್ದರೂ ಕಾನೂನು ಒಪ್ಪುವ ನ್ಯಾಯಯುತ ಬಳಕೆಯೇ ಅನ್ನುವುದರಲ್ಲಿ ಒಮ್ಮತಕ್ಕೆ ಬರಲಿಲ್ಲ. ಮೇ 31ಕ್ಕೆ ಆಲ್ಸಪ್ ತೀರ್ಪು ಕೊಟ್ಟರು: ಈ ಸಾಲುಗಳಿಗೆ ಕಾಪಿರೈಟೇ ಇಲ್ಲ. ಒಂದು ಕೆಲಸಕ್ಕೆ ಜಾವಾದಲ್ಲಿ ಅದೇ ಹೆಸರಿಟ್ಟು ಕರೆಯಬೇಕಾದರೆ ಘೋಷಣೆಯ ಸಾಲು ಅಕ್ಷರಶಃ ಅದೇ ಆಗಿರಬೇಕು, ಬೇರೆ ದಾರಿ ಇಲ್ಲ. ಹೆಸರುಗಳಿಗೆ ಕಾಪಿರೈಟ್ ಸಿಗುವುದಿಲ್ಲ. ಹೆಸರುಗಳ ಜೋಡಣೆ ಅನ್ನುವುದು ಕಂಪ್ಯೂಟರಿಗೆ ಆಜ್ಞೆ ಕೊಡುವ ಒಂದು ವಿಧಾನ. ಅಮೆರಿಕದ ಕಾಪಿರೈಟ್ ಕಾಯ್ದೆಯ 102(ಬಿ) ಸೆಕ್ಷನ್ ವಿಧಾನಗಳನ್ನು ಹೊರಗಿಟ್ಟಿದೆ.

ನನಗೆ ಕೇಳಿದರೆ ಈ ಇಡೀ ಕೇಸಿನಲ್ಲಿ ಬಂದ ತೀರ್ಪುಗಳಲ್ಲಿ ಕೋಡ್ ಹೇಗೆ ಕೆಲಸ ಮಾಡುತ್ತದೆ ಅಂತ ಚೆನ್ನಾಗಿ ಹಿಡಿದದ್ದು ಇದೇ. ಜ್ಯೂರಿ ಇನ್ನೂ ಚರ್ಚೆಯಲ್ಲಿದ್ದ ವಾರವೇ, 2012ರ ಮೇ 2ಕ್ಕೆ, ಯುರೋಪಿನ ನ್ಯಾಯಾಲಯವೂ ಬೇರೊಂದು ಕೇಸಿನಲ್ಲಿ ಹತ್ತಿರದ ಮಾತು ಹೇಳಿತ್ತು: ಪ್ರೋಗ್ರಾಂ ಮಾಡುವ ಕೆಲಸಕ್ಕಾಗಲಿ ಪ್ರೋಗ್ರಾಮಿಂಗ್ ಭಾಷೆಗಾಗಲಿ ಪ್ರೋಗ್ರಾಮಿನ ಕಾಪಿರೈಟ್ ಅನ್ವಯಿಸುವುದಿಲ್ಲ.

ಪೇಟೆಂಟ್ ಕೋರ್ಟಿನಲ್ಲಿ ಕಾಪಿರೈಟ್

ಸ್ಯಾನ್ ಫ್ರಾನ್ಸಿಸ್ಕೋದ ಕಾಪಿರೈಟ್ ಕೇಸಿನ ಅಪೀಲು ಸಾಮಾನ್ಯವಾಗಿ ಹೋಗುವುದು ಅದೇ ಊರಿನ ಒಂಬತ್ತನೇ ಸರ್ಕ್ಯೂಟ್ ಕೋರ್ಟಿಗೆ. ಹಾಲಿವುಡ್ ಮತ್ತು ಸಿಲಿಕಾನ್ ವ್ಯಾಲಿ ಎರಡೂ ಅದರ ಸರಹದ್ದಿನಲ್ಲಿವೆ. ಸಾಫ್ಟ್‌ವೇರ್ ಹೊಂದಾಣಿಕೆಗಾಗಿ ಕೋಡ್ ನಕಲು ಮಾಡಿದವರನ್ನು ಆ ಕೋರ್ಟು 1992ರ ಸೆಗಾ ಕೇಸಿನಲ್ಲಿ, 2000ದ ಕನೆಕ್ಟಿಕ್ಸ್ ಕೇಸಿನಲ್ಲಿ ಕೈಹಿಡಿದಿತ್ತು.

ಆದರೆ ದೂರಿನಲ್ಲಿ ಪೇಟೆಂಟ್ ಆರೋಪ ಇದ್ದರೆ ಅಪೀಲು ಹೋಗುವುದು ವಾಷಿಂಗ್ಟನ್‌ನ ಫೆಡರಲ್ ಸರ್ಕ್ಯೂಟ್‌ಗೆ. 1982ರಲ್ಲಿ ಕಟ್ಟಿದ ಈ ಕೋರ್ಟಿನ ಮುಖ್ಯ ಕಸುಬು ಪೇಟೆಂಟ್. ಪೇಟೆಂಟ್ ಭಾಗ ಕೆಳಗೇ ಸತ್ತುಹೋಗಿದ್ದರೂ, ಅದರ ಮೇಲೆ ಅಪೀಲೇ ಇಲ್ಲದಿದ್ದರೂ, ಇಡೀ ಕೇಸು ಅಲ್ಲಿಗೇ ಹೋಗಬೇಕು. ಕಾಪಿರೈಟ್ ವಿಷಯದಲ್ಲಿ ಅದು ಒಂಬತ್ತನೇ ಸರ್ಕ್ಯೂಟಿನ ಕಾನೂನನ್ನೇ ಪಾಲಿಸಬೇಕು ಅನ್ನುವ ನಿಯಮ ಇದೆ. ಆದರೆ ಕಾನೂನು ಒಂದೇ ಆದರೂ ಓದುವ ಕಣ್ಣು ಬೇರೆ ಆದರೆ ಏನಾಗುತ್ತದೆ ಅಂತ ಮುಂದೆ ಕಂಡಿತು.

2014ರ ಮೇ 9ರಂದು ಫೆಡರಲ್ ಸರ್ಕ್ಯೂಟ್ ಆಲ್ಸಪ್ ತೀರ್ಪನ್ನು ತಿರುಗಿಸಿಹಾಕಿತು. ಸನ್ ಆ ಹೆಸರುಗಳನ್ನು ಇಡುವಾಗ ಬೇರೆ ಹೆಸರುಗಳ ಆಯ್ಕೆ ಇತ್ತು ತಾನೇ, ಹಾಗಾದರೆ ಕಾಪಿರೈಟ್ ಇದೆ ಅನ್ನುವುದು ಅದರ ತರ್ಕ. ಗೂಗಲ್‌ಗೆ ಬೇರೆ ದಾರಿ ಇರಲಿಲ್ಲ ಅನ್ನುವುದು ಆಮೇಲಿನ ಮಾತು, ಅದನ್ನು ನ್ಯಾಯಯುತ ಬಳಕೆಯ ಕೆಳಗೆ ನೋಡಿಕೊಳ್ಳಿ ಅಂತ ಕೇಸನ್ನು ಕೆಳಗೆ ಕಳಿಸಿತು. ಸುಪ್ರೀಂ ಕೋರ್ಟು 2015ರ ಜೂನ್‌ನಲ್ಲಿ ತಲೆಹಾಕಲು ಒಪ್ಪಲಿಲ್ಲ.

2016ರಲ್ಲಿ ಮತ್ತೆ ಆಲ್ಸಪ್, ಮತ್ತೊಂದು ಜ್ಯೂರಿ. ಈ ಸಲ ಒಂದೇ ಪ್ರಶ್ನೆ: ನ್ಯಾಯಯುತ ಬಳಕೆ ಹೌದೋ ಅಲ್ಲವೋ? ಒರಾಕಲ್ ಕಣ್ಣಿಟ್ಟಿದ್ದ ಪರಿಹಾರ ಸುಮಾರು 900 ಕೋಟಿ ಡಾಲರ್. ಮೇ 26ಕ್ಕೆ ಜ್ಯೂರಿ ಗೂಗಲ್ ಕಡೆ ನಿಂತಿತು. ಒರಾಕಲ್ ಮತ್ತೆ ಅದೇ ಫೆಡರಲ್ ಸರ್ಕ್ಯೂಟಿಗೆ ಹೋಯಿತು. 2018ರ ಮಾರ್ಚ್‌ನಲ್ಲಿ ಅದು ಜ್ಯೂರಿಯ ಮಾತನ್ನೂ ಪಕ್ಕಕ್ಕಿಟ್ಟು, ಇದು ನ್ಯಾಯಯುತ ಅಲ್ಲವೇ ಅಲ್ಲ ಅಂದಿತು. ಎರಡು ವಾರ ಸಾಕ್ಷಿ ಕೇಳಿ ಒಮ್ಮತಕ್ಕೆ ಬಂದವರನ್ನು ಕಾಗದ ಓದಿದವರು ತಳ್ಳಿಹಾಕಿದರು ಅಂತ ಆಗ ಬಹಳ ಜನ ಬೇಸರಪಟ್ಟರು. ಆ ಬೇಸರದಲ್ಲಿ ಹುರುಳಿತ್ತು.

ಈ ನಡುವೆ ಒಂದು ವಿಚಿತ್ರ. 2016ರ ಆಂಡ್ರಾಯ್ಡ್ ನುಗಾಟ್‌ನಿಂದ ಗೂಗಲ್ ಓಪನ್‌ಜೆಡಿಕೆಗೆ, ಅಂದರೆ ಜಾವಾದ ಮುಕ್ತ ಲೈಸೆನ್ಸಿನ ಆವೃತ್ತಿಗೆ ಬದಲಾಗಿತ್ತು. ಮುಂದಿನ ಫೋನುಗಳ ಮಟ್ಟಿಗೆ ಜಗಳದ ಬೇರೇ ಒಣಗಿತ್ತು. ಉಳಿದದ್ದು ಹಳೆಯ ವರ್ಷಗಳ ಲೆಕ್ಕ ಮತ್ತು ಎಪಿಐ ಯಾರದು ಅನ್ನುವ ಪ್ರಶ್ನೆ.

ಸುಪ್ರೀಂ ಕೋರ್ಟು ದಾಟಿ ಹೋದ ಪ್ರಶ್ನೆ

ಸುಪ್ರೀಂ ಕೋರ್ಟು ಈ ಸಲ ಕೇಸು ತೆಗೆದುಕೊಂಡಿತು. ಕೋವಿಡ್‌ನಿಂದ ಮುಂದೆ ಹೋದ ವಾದ 2020ರ ಅಕ್ಟೋಬರ್ 7ಕ್ಕೆ ಫೋನಿನಲ್ಲಿ ನಡೆಯಿತು. ಫೋನಿನ ಸಾಫ್ಟ್‌ವೇರ್ ಕೇಸು ಫೋನಿನಲ್ಲೇ! ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು, ಅವರ ಜಾಗಕ್ಕೆ ಬ್ಯಾರೆಟ್ ಇನ್ನೂ ಬಂದಿರಲಿಲ್ಲ. ಹಾಗಾಗಿ ಒಂಬತ್ತರ ಬದಲು ಎಂಟೇ ಜನ. ಬೇರೆ ದಾರಿ ಇರಲಿಲ್ಲ ಅನ್ನುವ ಗೂಗಲ್ ವಾದಕ್ಕೆ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್, ದುಡ್ಡು ಬೇಕು ಅಂದರೆ ತಿಜೋರಿ ಒಡೆಯುವುದೊಂದೇ ದಾರಿ ಇರಬಹುದು, ಹಾಗಂತ ಒಡೆಯಬಹುದಾ ಅನ್ನುವ ಅರ್ಥದಲ್ಲಿ ಕೇಳಿದರು. ಆ ಮಾತು ಕೇಳಿದವರು ಗೂಗಲ್ ಸೋತಿತು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಆರು ತಿಂಗಳ ನಂತರ ರಾಬರ್ಟ್ಸ್ ಗೂಗಲ್ ಪರ ಮತ ಹಾಕಿದರು.

2021ರ ಏಪ್ರಿಲ್ 5ರ ತೀರ್ಪು, 6–2. ಬರೆದವರು ಸ್ಟೀಫನ್ ಬ್ರೇಯರ್. ಘೋಷಣೆಯ ಕೋಡ್ ಬೇರೆ ಬಗೆಯ ಕೋಡಿಗಿಂತ ಕಾಪಿರೈಟಿನ ಕೇಂದ್ರದಿಂದ ದೂರ ಇದೆ ಅಂದರು. ಅದರ ಬೆಲೆ ಬರುವುದು ಅದನ್ನು ಕಲಿತ ಪ್ರೋಗ್ರಾಮರ್‌ಗಳ ಶ್ರಮದಿಂದ. ಗೂಗಲ್ ತೆಗೆದುಕೊಂಡದ್ದು ಅವರ ಕಲಿಕೆ ಹೊಸ ಪ್ಲಾಟ್‌ಫಾರ್ಮಿನಲ್ಲಿ ಕೆಲಸಕ್ಕೆ ಬರಲು ಬೇಕಾದಷ್ಟನ್ನು ಮಾತ್ರ. ಸ್ಮಾರ್ಟ್‌ಫೋನ್ ಬೇರೆಯದೇ ಲೋಕ, ಅಲ್ಲಿ ಗೆಲ್ಲುವ ಸ್ಥಿತಿಯಲ್ಲಿ ಸನ್ ಇರಲಿಲ್ಲ. ಹಾಗಾಗಿ ಇದು ನ್ಯಾಯಯುತ ಬಳಕೆ.

ಮತ್ತೆ ಕಾಪಿರೈಟ್ ಇದೆಯಾ ಇಲ್ಲವಾ ಅನ್ನುವ ಮೊದಲ ಪ್ರಶ್ನೆ? ವಾದಕ್ಕಾಗಿ ಇದೆ ಅಂತ ಇಟ್ಟುಕೊಳ್ಳೋಣ ಅಂತ ಬ್ರೇಯರ್ ದಾಟಿಬಿಟ್ಟರು. ತಂತ್ರಜ್ಞಾನ ಬೇಗ ಬದಲಾಗುತ್ತದೆ, ಬೇಕಾದಷ್ಟಕ್ಕೆ ಮಾತ್ರ ಉತ್ತರ ಕೊಡುತ್ತೇವೆ ಅನ್ನುವುದು ಅವರ ಸಮಜಾಯಿಷಿ.

ಕ್ಲಾರೆನ್ಸ್ ಥಾಮಸ್ ಭಿನ್ನಮತ ಬರೆದರು, ಸ್ಯಾಮ್ಯುಯೆಲ್ ಅಲಿಟೊ ಜೊತೆಗೂಡಿದರು. ಗೂಗಲ್ ಪರ ಇರುವವರು ಇದನ್ನು ಓದದೆ ಬಿಡುವುದೇ ಜಾಸ್ತಿ. ಓದಬೇಕು. ಥಾಮಸ್ ತತ್ವ ಬಿಟ್ಟು ಅಂಕಿ ಹಿಡಿದರು. ಉಚಿತ ಆಂಡ್ರಾಯ್ಡ್ ಇದೆ ಅಂತ ತೋರಿಸಿ ಅಮೆಜಾನ್ ಒರಾಕಲ್‌ನಿಂದ ಲೈಸೆನ್ಸ್ ಶುಲ್ಕದಲ್ಲಿ 97.5 ಪರ್ಸೆಂಟ್ ರಿಯಾಯಿತಿ ಪಡೆಯಿತು. ಸ್ಯಾಮ್‌ಸಂಗ್ ಒಪ್ಪಂದ 4 ಕೋಟಿ ಡಾಲರಿನಿಂದ ಸುಮಾರು 10 ಲಕ್ಷಕ್ಕೆ ಇಳಿಯಿತು. ಇದು ಮಾರುಕಟ್ಟೆಗೆ ಪೆಟ್ಟಲ್ಲದೆ ಇನ್ನೇನು? ಕಾಪಿರೈಟ್ ಇದೆಯಾ ಅನ್ನುವುದನ್ನು ಬಹುಮತ ಬೇಕಂತಲೇ ಬಿಟ್ಟಿತು, ಯಾಕೆಂದರೆ ಅದಕ್ಕೆ ಪ್ರಾಮಾಣಿಕ ಉತ್ತರ ಕೊಟ್ಟರೆ ಮುಂದಿನ ವಾದ ನಿಲ್ಲುವುದಿಲ್ಲ ಅನ್ನುವುದು ಅವರ ಆಕ್ಷೇಪ.

ಫಲಿತಾಂಶದಲ್ಲಿ ನಾನು ಬ್ರೇಯರ್ ಕಡೆ. ಆದರೆ ದಾರಿಯ ವಿಷಯದಲ್ಲಿ ಥಾಮಸ್ ಚುಚ್ಚಿದ್ದು ಸರಿಯಾದ ಜಾಗಕ್ಕೇ. ಎಪಿಐಗೆ ಕಾಪಿರೈಟ್ ಇಲ್ಲ ಅಂದಿದ್ದರೆ ಸಣ್ಣ ಕಂಪನಿಯೊಂದು ಮೊದಲ ದಿನವೇ ಕೇಸನ್ನು ತಳ್ಳಿಹಾಕಿಸಬಹುದಿತ್ತು. ನ್ಯಾಯಯುತ ಬಳಕೆ ಅನ್ನುವುದು ಹಾಗಲ್ಲ. ಅದು ಒಂದೊಂದು ಕೇಸಿನಲ್ಲೂ ದಾಖಲೆ, ಸಾಕ್ಷಿ, ಮಾರುಕಟ್ಟೆಯ ಲೆಕ್ಕ ಎಲ್ಲ ಮುಂದಿಟ್ಟು ಗೆಲ್ಲಬೇಕಾದ ವಾದ. ಹತ್ತು ವರ್ಷ ವಕೀಲರಿಗೆ ಫೀಸು ಕೊಡಲು ಗೂಗಲ್‌ಗೆ ತಾಕತ್ತಿತ್ತು. ಎಲ್ಲರಿಗೂ ಇರುತ್ತದೆಯಾ?

ಆಮೇಲೆ

ಫೆಡರಲ್ ಸರ್ಕ್ಯೂಟಿನ 2014ರ ಮಾತನ್ನು, ಅಂದರೆ ಎಪಿಐಗೆ ಕಾಪಿರೈಟ್ ಇದೆ ಅನ್ನುವುದನ್ನು, ಸುಪ್ರೀಂ ಕೋರ್ಟು ಒಪ್ಪಲೂ ಇಲ್ಲ, ಅಳಿಸಲೂ ಇಲ್ಲ. ಅದರ ಬಿಸಿ ಎಷ್ಟು ಉಳಿದಿದೆ ಅಂತ 2023ರಲ್ಲಿ ಸ್ವಲ್ಪ ಕಂಡಿತು. ಮೇಲೆ ಹೇಳಿದ ಯುರೋಪಿನ 2012ರ ಕೇಸಿನಲ್ಲಿ ಸೋತಿದ್ದ ಸಾಫ್ಟ್‌ವೇರ್ ಕಂಪನಿ ಎಸ್‌ಎಎಸ್ ಇನ್‌ಸ್ಟಿಟ್ಯೂಟ್ ಅದೇ ಎದುರಾಳಿ ವರ್ಲ್ಡ್ ಪ್ರೋಗ್ರಾಮಿಂಗ್ ಮೇಲೆ ಟೆಕ್ಸಾಸ್‌ನಲ್ಲಿ ಕೇಸು ಹಾಕಿತ್ತು. ದೂರಿನಲ್ಲಿ ಪೇಟೆಂಟ್‌ಗಳೂ ಇದ್ದವು, ಆಮೇಲೆ ಅವನ್ನು ಎಸ್‌ಎಎಸ್ ತಾನೇ ಕೈಬಿಟ್ಟಿತು. ಅಪೀಲು ಹೋದದ್ದು ಮತ್ತೆ ಫೆಡರಲ್ ಸರ್ಕ್ಯೂಟಿಗೆ. ಈ ಸಲ ಅದೇ ಕೋರ್ಟು, ನಕಲಾದದ್ದರಲ್ಲಿ ಕಾಪಿರೈಟ್ ಸಿಗುವ ಭಾಗ ಯಾವುದು ಅಂತ ಎಸ್‌ಎಎಸ್ ತೋರಿಸಲಿಲ್ಲ ಅಂತ ಅದರ ವಿರುದ್ಧ ತೀರ್ಪು ಕೊಟ್ಟಿತು. ಒಬ್ಬ ನ್ಯಾಯಮೂರ್ತಿ ಒಪ್ಪಲಿಲ್ಲ.

ಈಗ ಬ್ರೇಯರ್ ತೀರ್ಪನ್ನು ಜಾಸ್ತಿ ಎತ್ತಿ ಹೇಳುವವರು ಎಐ ಕಂಪನಿಗಳ ವಕೀಲರು. ಗೂಗಲ್ ನಕಲು ಮಾಡಿ ಹೊಸದು ಕಟ್ಟಿತು, ನಾವೂ ಅಷ್ಟೇ ಅನ್ನುವುದು ವಾದ. ಡೆಲವೇರ್‌ನಲ್ಲಿ ಥಾಮ್ಸನ್ ರಾಯಿಟರ್ಸ್ ಮತ್ತು ರಾಸ್ ನಡುವಿನ ಕೇಸಿನಲ್ಲಿ 2025ರ ಫೆಬ್ರವರಿಯಲ್ಲಿ ಇದು ನಡೆಯಲಿಲ್ಲ. ಕಾನೂನು ಹುಡುಕುವ ಎಐ ತಯಾರಿಸಲು ರಾಸ್ ಬಳಸಿದ್ದು ತೀರ್ಪುಗಳ ಮೇಲೆ ಥಾಮ್ಸನ್ ರಾಯಿಟರ್ಸ್ ಬರೆದಿದ್ದ ಸಾರಾಂಶಗಳನ್ನು. ಜಡ್ಜ್ ಸ್ಟೆಫಾನೋಸ್ ಬೀಬಸ್ ವ್ಯತ್ಯಾಸ ತೋರಿಸಿದರು: ಗೂಗಲ್ ಆ ಸಾಲುಗಳನ್ನು ನಕಲು ಮಾಡದೆ ಪ್ರೋಗ್ರಾಮರ್‌ಗಳನ್ನು ತಲುಪಲು ಆಗುತ್ತಿರಲಿಲ್ಲ, ರಾಸ್‌ಗೆ ಅಂಥ ಅನಿವಾರ್ಯ ಇರಲಿಲ್ಲ. ರಾಸ್ ಅಪೀಲು ಹೋಯಿತು.